ನೃಪತುಂಗನ ಕಾಲದ ಅಂಕಮಾಲೆ

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಗ್ರಂಥವಾದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಹಾರದಂತಹ ಸಂಖ್ಯೆಗಳನ್ನು ಪೋಣಿಸಿದ್ದಾನೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧ ದೊರೆಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ!

ಈ ಸೊಬಗು ಕಣ್ಣಿಗಷ್ಟೇ ಮೀಸಲಲ್ಲ. ಈ ಸಂಖ್ಯೆ ೧೧೧೧೧೧ರ ವರ್ಗ. ಆ ಆರು ಒಂದುಗಳೋ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದ್ದರಿಂದ ನಮ್ಮ ಹಾರವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ೨೪೩. ಭಾಜಕಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿರುತ್ತವೆ. ವರ್ಗಸಂಖ್ಯೆಯಲ್ಲಿ ಮಾತ್ರ ವರ್ಗಮೂಲವು ಒಂಟಿಯಾಗಿ ಉಳಿಯುವುದರಿಂದ ಈ ಎಣಿಕೆ ಬೆಸವಾಯಿತು.

ಮಗ್ಗಿಯೆಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಆಚಾರ್ಯನ ಈ ಗುಣಾಕಾರವನ್ನು ಕೊಟ್ಟು ನೋಡಬೇಕು. ಲೆಕ್ಕ ತಪ್ಪಿದರೆ ಹಾರ ಕೂಡದು. ಸರಿಯಾದರೆ, ಬೇರೆಯವರು ಹೇಳಬೇಕಾಗಿಲ್ಲ, ಉತ್ತರವೇ ‘ಭೇಷ್’ ಎನ್ನುತ್ತದೆ.