ಊರಿಗೆ ಮರಳುವ ಮುನ್ನ: ತೆರಿಗೆಯದೊಂದು ಲೆಕ್ಕ, ಸೂಪರ್‌ನದೊಂದು ಲೆಕ್ಕ



ಮಕ್ಕಳನ್ನು ತರಗತಿಗೆ ಬಿಟ್ಟು ಹೊರಗೆ ಕಾಫಿ ಹಿಡಿದು ನಿಂತಾಗ ಈಚೆಗೆ ಹೊಸದೊಂದು ಮಾತು ಕೇಳಿಬರುತ್ತಿದೆ. "ಅಕ್ಕನ ಮಗ ಬಂದಿದ್ದಾನೆ, 462 ವೀಸಾ." "ನಮ್ಮ ಚಿಕ್ಕಪ್ಪನ ಮಗಳೂ ಅದರಲ್ಲೇ ಬಂದು ಕ್ವೀನ್ಸ್‌ಲ್ಯಾಂಡಿನ ತೋಟದಲ್ಲಿದ್ದಾಳೆ." ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದದಿಂದಾಗಿ 'ವರ್ಕ್ ಅಂಡ್ ಹಾಲಿಡೇ' ವೀಸಾ 2024ರ ಅಕ್ಟೋಬರಿನಲ್ಲಿ ನಮ್ಮವರಿಗೂ ತೆರೆಯಿತು. ವರ್ಷಕ್ಕೆ 1,000 ಜಾಗ, ವಯಸ್ಸು 18ರಿಂದ 30, ಲಾಟರಿಯಲ್ಲಿ ಹೆಸರು ಏಳಬೇಕು. ಬಂದವರು ಒಂದು ವರ್ಷ ಊರೂರು ಸುತ್ತುತ್ತ, ನಡುನಡುವೆ ದುಡಿಯುತ್ತ ಇರಬಹುದು.

ಅವರಲ್ಲಿ ಎಷ್ಟೋ ಮಂದಿಗೆ ಇಲ್ಲಿನ ಮೊದಲ ವಿಳಾಸ ನಿಮ್ಮ ಮನೆಯ ಸೋಫಾ. ಮೊದಲ ಪ್ರಶ್ನೆ ಕೇಳುವುದೂ ನಿಮ್ಮನ್ನೇ: "ಮಾಮ, ವಾಪಸ್ ಹೋಗುವಾಗ ಕಟ್ಟಿದ ಟ್ಯಾಕ್ಸ್ ಎಲ್ಲ ಸಿಗುತ್ತಂತೆ, ಪೆನ್ಷನ್ ದುಡ್ಡೂ ಸಿಗುತ್ತಂತೆ, ಹೌದಾ?" ವಿಮಾನದ ಟಿಕೆಟ್‌ಗೆ ಮಾಡಿದ ಸಾಲವನ್ನು ಆ ದುಡ್ಡಿನಲ್ಲೇ ತೀರಿಸುವ ಲೆಕ್ಕ ಹಾಕಿಕೊಂಡು ಬಂದವರೂ ಇದ್ದಾರೆ. ಹಾಗಾಗಿ ಉತ್ತರವನ್ನು ಮೊದಲೇ ನೇರವಾಗಿ ಹೇಳಿಬಿಡಿ. ಇವು ಎರಡು ಬೇರೆ ಬೇರೆ ಚೀಲಗಳು. ತೆರಿಗೆಯ ಚೀಲದಿಂದ ದುಡ್ಡು ಬರಬಹುದು, ಬರದೆಯೂ ಇರಬಹುದು. ಸೂಪರ್ ಚೀಲದಿಂದ ಕೇಳಿದರೆ ಬರುತ್ತದೆ, ಆದರೆ ಮಾಲೀಕರು ಹಾಕಿದ್ದರಲ್ಲಿ ಮೂರನೇ ಒಂದು ಪಾಲೂ ಕೈಗೆ ಸಿಗುವುದಿಲ್ಲ.

ಮೊದಲು ತೆರಿಗೆ. ಇಲ್ಲಿ ನೆಲೆಸಿರುವ ನಮಗೆ ವರ್ಷದ ಮೊದಲ 18,200 ಡಾಲರ್ ಸಂಪಾದನೆಗೆ ತೆರಿಗೆಯಿಲ್ಲ. ವರ್ಕಿಂಗ್ ಹಾಲಿಡೇ ವೀಸಾದವರಿಗೆ ಆ ಸವಲತ್ತಿಲ್ಲ. ಮೊದಲ ಡಾಲರಿನಿಂದಲೇ ಶೇ. 15, ಹೀಗೆ 45,000 ಡಾಲರ್‌ವರೆಗೆ. ಅಕ್ಕನ ಮಗ ಒಂದು ವರ್ಷದಲ್ಲಿ 20,000 ಡಾಲರ್ ದುಡಿದ ಎನ್ನಿ. ಅವನ ತೆರಿಗೆ 3,000. ಅಷ್ಟೇ ದುಡಿದ ಇಲ್ಲಿನ ಹುಡುಗನಿಗೆ, ಕಡಿಮೆ ಆದಾಯದ ರಿಯಾಯಿತಿಯೂ ಸೇರಿ, ಆದಾಯ ತೆರಿಗೆ ಸೊನ್ನೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಸ್ಟ್ರಾಬೆರಿ ಕಿತ್ತಿರಬಹುದು.

ಈ ಶೇ. 15 ಬಂದ ಕಥೆ ಸ್ವಾರಸ್ಯವಾಗಿದೆ. 2015ರ ಬಜೆಟ್‌ನಲ್ಲಿ ಸರ್ಕಾರ ಮೊದಲ ಡಾಲರಿನಿಂದಲೇ ಶೇ. 32.5 ತೆರಿಗೆ ಹಾಕುವುದಾಗಿ ಹೇಳಿತು. 'ಬ್ಯಾಕ್‌ಪ್ಯಾಕರ್ ಟ್ಯಾಕ್ಸ್' ಎಂಬ ಹೆಸರು ಬಿದ್ದದ್ದು ಆಗಲೇ. ಹಣ್ಣು ಕೀಳುವವರು ಬೇರೆ ದೇಶಕ್ಕೆ ಹೋಗಿಬಿಡುತ್ತಾರೆ, ಬೆಳೆ ಗಿಡದಲ್ಲೇ ಕೊಳೆಯುತ್ತದೆ ಎಂದು ರೈತರು ಎದ್ದು ನಿಂತರು. 2016ರಲ್ಲಿ ಸರ್ಕಾರ ಶೇ. 19ಕ್ಕೆ ಇಳಿಯಿತು, ಆದರೆ ಆ ನಷ್ಟ ತುಂಬಿಸಲು ಇವರು ಮರಳುವಾಗ ಪಡೆಯುವ ಸೂಪರ್ ಮೇಲೆ ಶೇ. 95 ತೆರಿಗೆ ಎಂದಿತು. ಸೆನೆಟ್‌ನಲ್ಲಿ ತಿಂಗಳುಗಟ್ಟಲೆ ಎಳೆದಾಟ ನಡೆದು ಡಿಸೆಂಬರಿನಲ್ಲಿ ರಾಜಿಯಾಯಿತು: ಕೂಲಿಯ ಮೇಲೆ ಶೇ. 15, ಸೂಪರ್ ಮೇಲೆ ಶೇ. 65. ರೈತರಿಗೆ ದನಿಯಿತ್ತು. ಕೀಳುವವರಿಗೆ ಇಲ್ಲಿ ವೋಟೇ ಇಲ್ಲ. ಕೂಲಿಯಲ್ಲಿ ಬಿಟ್ಟುಕೊಟ್ಟದ್ದನ್ನು ಸೂಪರ್‌ನಲ್ಲಿ ಕಿತ್ತುಕೊಂಡ ರಾಜಿ ಇದು ಎಂದೇ ನನ್ನ ಅನಿಸಿಕೆ.

ಹಾಗಾದರೆ ತೆರಿಗೆ ವಾಪಸ್ ಬರುವುದು ಯಾವಾಗ? ಕಟ್ಟಬೇಕಾದ್ದಕ್ಕಿಂತ ಹೆಚ್ಚು ಹಿಡಿದಿದ್ದಾಗ ಮಾತ್ರ. ಇದು ಆಗುವುದು ಸಾಮಾನ್ಯವಾಗಿ ಮಾಲೀಕರ ಕಡೆಯಿಂದ. ಈ ವೀಸಾದವರಿಗೆ ಕೆಲಸ ಕೊಡುವವರು ತೆರಿಗೆ ಕಚೇರಿಯಲ್ಲಿ, ಅಂದರೆ ಎಟಿಒದಲ್ಲಿ, ಅದಕ್ಕೆಂದೇ ನೋಂದಾಯಿಸಿಕೊಳ್ಳಬೇಕು. ನೋಂದಾಯಿಸಿಕೊಂಡರೆ ಶೇ. 15 ಹಿಡಿಯುತ್ತಾರೆ. ಇಲ್ಲದಿದ್ದರೆ ವಿದೇಶಿ ನಿವಾಸಿಗಳ ದರದಲ್ಲಿ, ಮೊದಲ ಡಾಲರಿನಿಂದಲೇ ಶೇ. 30 ಹಿಡಿಯಬೇಕು. ಸಣ್ಣ ಕೆಫೆ, ಸಣ್ಣ ತೋಟಗಳಲ್ಲಿ ನೋಂದಣಿ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. 20,000ಕ್ಕೆ 6,000 ಹಿಡಿದಿದ್ದರೆ, ರಿಟರ್ನ್ ಹಾಕಿದ ಮೇಲೆ 3,000 ಮರಳಿ ಬರುತ್ತದೆ. ಟಿಎಫ್‌ಎನ್ ಕೊಡದೆ ಕೆಲಸಕ್ಕೆ ಸೇರಿದವರಿಗೆ ಇನ್ನೂ ಹೆಚ್ಚು ಹಿಡಿಯುತ್ತಾರೆ, ಅದೂ ರಿಟರ್ನ್‌ನಲ್ಲಿ ಸರಿಹೋಗುತ್ತದೆ. ಟಿಎಫ್‌ಎನ್ ಪಡೆಯಲು ಎಟಿಒ ಒಂದು ಸೆಂಟ್ ಕೂಡ ಕೇಳುವುದಿಲ್ಲ. ಕೇಳುವ ವೆಬ್‌ಸೈಟ್‌ಗಳು ಮಧ್ಯವರ್ತಿಗಳದ್ದು.

ಕೆಲಸಕ್ಕೆಂದೇ ಕೈಯಿಂದ ಹಾಕಿದ ಖರ್ಚೂ ಆದಾಯದಿಂದ ಕಳೆಯುತ್ತದೆ: ಸುರಕ್ಷತಾ ಬೂಟು, ಕೈಗವಸು, ಬಿಸಿಲಲ್ಲಿ ದುಡಿಯುವವರ ಟೋಪಿ, ಸನ್‌ಸ್ಕ್ರೀನ್. ಹಾಸ್ಟೆಲ್‌ನಿಂದ ತೋಟಕ್ಕೆ ಹೋಗಿಬರುವ ಬಸ್ ಚಾರ್ಜು ಕಳೆಯುವುದಿಲ್ಲ. ಇದರಿಂದ ದೊಡ್ಡ ಮೊತ್ತ ಬರುತ್ತದೆಂದು ಕಾಯಬೇಡಿ. 200 ಡಾಲರಿನ ಬೂಟಿಗೆ ತೆರಿಗೆಯಲ್ಲಿ ಉಳಿಯುವುದು 30 ಡಾಲರ್.

ಇಲ್ಲಿ ಒಂದು ಗುಂಡಿಯಿದೆ, ಹುಡುಗರಿಗೆ ತಪ್ಪದೆ ತೋರಿಸಿ. ಕೆಲಸಕ್ಕೆ ಸೇರುವಾಗ ತುಂಬುವ ಟಿಎಫ್‌ಎನ್ ಫಾರಂನಲ್ಲಿ 'ನಿವಾಸಿ', 'ವಿದೇಶಿ ನಿವಾಸಿ', 'ವರ್ಕಿಂಗ್ ಹಾಲಿಡೇ' ಎಂದು ಮೂರು ಆಯ್ಕೆಗಳಿವೆ. "ರೆಸಿಡೆಂಟ್ ಅಂತ ಟಿಕ್ ಮಾಡು, ಟ್ಯಾಕ್ಸ್ ಹಿಡಿಯಲ್ಲ" ಎಂದು ಹಾಸ್ಟೆಲ್‌ನಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ. ವಾರಕ್ಕೆ 350 ಡಾಲರ್ ದುಡಿಯುವವನಿಗೆ ಆಗ ಒಂದು ಡಾಲರೂ ಹಿಡಿಯದಿರಬಹುದು. ಪ್ರತಿ ವಾರ ಖುಷಿ. ವರ್ಷದ ಕೊನೆಗೆ ವೀಸಾ ಯಾವುದೆಂದು ನೋಡಿ ಲೆಕ್ಕ ಹಾಕಿದಾಗ ವಾಪಸ್ ಬರುವುದಿರಲಿ, ಎರಡೂವರೆ ಸಾವಿರ ಡಾಲರ್ ದಾಟಿದ ಬಿಲ್ ಬರುತ್ತದೆ. ಆ ಹೊತ್ತಿಗೆ ದುಡ್ಡು ಉಲೂರು ನೋಡಿ, ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಮುಳುಗೆದ್ದು ಖರ್ಚಾಗಿರುತ್ತದೆ.

"ಕೋರ್ಟೇ ಈ ತೆರಿಗೆ ತಪ್ಪು ಅಂದಿದೆಯಲ್ಲ" ಎಂದು ವಾದ ಮಾಡುವವರೂ ಸಿಗುತ್ತಾರೆ. ಅರ್ಧ ನಿಜ. ಸಿಡ್ನಿಯಲ್ಲಿ ವೇಟ್ರೆಸ್ ಆಗಿ ದುಡಿದಿದ್ದ ಬ್ರಿಟಿಷ್ ಯುವತಿ ಕ್ಯಾಥರೀನ್ ಆಡಿ ಅವರ ಪ್ರಕರಣದಲ್ಲಿ 2021ರ ನವೆಂಬರಿನಲ್ಲಿ ಹೈಕೋರ್ಟ್, ಅಂದರೆ ಈ ದೇಶದ ಅತ್ಯುನ್ನತ ನ್ಯಾಯಾಲಯ, ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಬ್ರಿಟನ್ ಜೊತೆಗಿನ ತೆರಿಗೆ ಒಪ್ಪಂದದ ಪ್ರಕಾರ ರಾಷ್ಟ್ರೀಯತೆ ನೋಡಿ ಹೆಚ್ಚು ತೆರಿಗೆ ಹಾಕುವಂತಿಲ್ಲ ಎಂಬುದು ಅದರ ಆಧಾರ. ಆದರೆ ಅಂಥ ಒಪ್ಪಂದವಿರುವ ದೇಶದವರಾಗಿರಬೇಕು, ಜೊತೆಗೆ ತೆರಿಗೆಯ ಮಟ್ಟಿಗೆ ಆಸ್ಟ್ರೇಲಿಯಾದ ನಿವಾಸಿಯೂ ಆಗಿರಬೇಕು. ತಿಂಗಳಿಗೊಂದು ಊರು ಬದಲಿಸುವವರು ಸಾಮಾನ್ಯವಾಗಿ ನಿವಾಸಿ ಎನಿಸಿಕೊಳ್ಳುವುದಿಲ್ಲ. ದೇಶಗಳ ಪಟ್ಟಿ ಎಟಿಒ ಜಾಲತಾಣದಲ್ಲಿದೆ, ರಿಟರ್ನ್ ಹಾಕುವ ವರ್ಷದ ಪಟ್ಟಿಯನ್ನೇ ನೋಡಿ. ಈ ತೀರ್ಪಿನ ಹೆಸರು ಹೇಳಿ ಪೂರ್ತಿ ತೆರಿಗೆ ಬಿಡಿಸಿಕೊಡುತ್ತೇವೆ ಎನ್ನುವ ಏಜೆಂಟರನ್ನು ಮೊದಲು ಈ ಎರಡು ಪ್ರಶ್ನೆ ಕೇಳಿ. ಅವರು ನೋಂದಾಯಿತ ಟ್ಯಾಕ್ಸ್ ಏಜೆಂಟ್ ಹೌದೋ ಅಲ್ಲವೋ ಎಂಬುದನ್ನು ಟ್ಯಾಕ್ಸ್ ಪ್ರಾಕ್ಟಿಷನರ್ಸ್ ಬೋರ್ಡ್‌ನ ಪಟ್ಟಿಯಲ್ಲಿ ಎರಡು ನಿಮಿಷದಲ್ಲಿ ಹುಡುಕಬಹುದು.

ಈಗ ಸೂಪರ್. ಬೆಂಗಳೂರಿನ ಹುಡುಗನಿಗೆ ಸೂಪರ್ ಎಂದರೆ 'ಸೂಪರ್ ಗುರು'. ಇಲ್ಲಿ ಅದು ನಮ್ಮ ಪಿಎಫ್ ಇದ್ದ ಹಾಗೆ, ನಿವೃತ್ತಿಗೆಂದು ಮಾಲೀಕರು ಕಟ್ಟುವ ಹಣ. 2025ರ ಜುಲೈ 1ರಿಂದ ಅದು ಸಂಬಳದ ಶೇ. 12. ಕೂಲಿಯಿಂದ ಕಳೆಯುವುದಲ್ಲ, ಅದರ ಮೇಲೆ ಕೊಡಬೇಕಾದ್ದು. ತಿಂಗಳಿಗೆ 450 ಡಾಲರ್ ದಾಟಿದರೆ ಮಾತ್ರ ಎಂಬ ಹಳೆಯ ನಿಯಮ 2022ರ ಜುಲೈನಲ್ಲಿ ಹೋಯಿತು. 18 ತುಂಬಿದವರು ವಾರಕ್ಕೆ ಎರಡೇ ಪಾಳಿ ಮಾಡಿದರೂ ಸೂಪರ್ ಬರಬೇಕು.

ಅದೇ 20,000 ಡಾಲರ್ ಸಂಪಾದನೆಗೆ ಸೂಪರ್ 2,400. ಫಂಡಿನೊಳಗೆ ಹೋಗುತ್ತಿದ್ದಂತೆ ಶೇ. 15 ತೆರಿಗೆ, ಅಂದರೆ 360 ಹೋಯಿತು. ಉಳಿದದ್ದು 2,040. ದೇಶ ಬಿಟ್ಟ ಮೇಲೆ ಅದನ್ನು ಕೇಳಿದಾಗ ಅದರ ಮೇಲೆ ಶೇ. 65, ಅಂದರೆ 1,326 ಹೋಯಿತು. ಕೈಗೆ 714. ಇದರಲ್ಲಿ ಫಂಡಿನ ಶುಲ್ಕ ಇನ್ನೂ ಕಳೆದಿಲ್ಲ. ಮಾಲೀಕರು ಬದಲಾದಾಗಲೆಲ್ಲ ಹೊಸ ಫಂಡು ತೆರೆದರೆ ಒಂದೊಂದರಲ್ಲೂ ಶುಲ್ಕ ಕಡಿಯುತ್ತ ಹೋಗುತ್ತದೆ. ಮೊದಲ ಕೆಲಸದ ಫಂಡಿನ ವಿವರವನ್ನೇ ಎಲ್ಲ ಕಡೆ ಕೊಟ್ಟರೆ ಆಯಿತು. ಈ ಶೇ. 65 ಕೊನೆಯ ತೆರಿಗೆ, ರಿಟರ್ನ್ ಹಾಕಿ ಮರಳಿ ಪಡೆಯಲು ಬರುವುದಿಲ್ಲ. ನಮ್ಮಲ್ಲಿ ವಿದ್ಯಾರ್ಥಿ ವೀಸಾದಲ್ಲಿ ದುಡಿದು, ಅಥವಾ ಕೌಶಲ್ಯದ ತಾತ್ಕಾಲಿಕ ವೀಸಾದಲ್ಲಿದ್ದು ಮರಳುವವರೂ ಇದ್ದಾರಲ್ಲ, ವರ್ಕಿಂಗ್ ಹಾಲಿಡೇ ವೀಸಾ ಎಂದೂ ಪಡೆಯದ ಅಂಥವರಿಗೆ ಸಾಮಾನ್ಯವಾಗಿ ಶೇ. 35 ಮಾತ್ರ. ಒಂದೇ ಕೆಲಸ, ಒಂದೇ ಫಂಡು, ವೀಸಾದ ನಂಬರಿಗೆ ತಕ್ಕಂತೆ ಬೇರೆ ತೆರಿಗೆ.

714 ಸಣ್ಣ ಮೊತ್ತವೆಂದು ಬಿಟ್ಟು ಹೋಗುವುದು ಬೇಡ, ಊರಲ್ಲಿ ಅದು ಸಣ್ಣದಲ್ಲ. ಕೇಳುವ ದಾರಿಯ ಹೆಸರು ಡಿಎಎಸ್‌ಪಿ. ಎಟಿಒ ಜಾಲತಾಣದಲ್ಲಿ ಅರ್ಜಿ ಉಚಿತ. ಎರಡು ಷರತ್ತುಗಳಿವೆ: ದೇಶ ಬಿಟ್ಟಿರಬೇಕು, ವೀಸಾ ಮುಗಿದಿರಬೇಕು ಇಲ್ಲವೇ ರದ್ದಾಗಿರಬೇಕು. ಅರ್ಜಿಯನ್ನು ಇಲ್ಲಿದ್ದಾಗಲೇ ತುಂಬಲು ಶುರು ಮಾಡಬಹುದು, ಸಲ್ಲಿಸುವುದು ಹೋದ ಮೇಲೆ. ಆರು ತಿಂಗಳು ಕೇಳದಿದ್ದರೆ ಫಂಡು ಆ ಹಣವನ್ನು ಎಟಿಒಗೆ ಕಳಿಸುತ್ತದೆ. ಆಗಲೂ ಹಣ ಮುಳುಗಿತು ಎಂದಲ್ಲ, ಎಟಿಒವನ್ನೇ ಕೇಳಬೇಕು. ಪಾಸ್‌ಪೋರ್ಟ್ ನಂಬರು, ಟಿಎಫ್‌ಎನ್, ಫಂಡಿನ ಹೆಸರು, ಸದಸ್ಯ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ನಿಮ್ಮ ಮನೆಯ ಫೈಲಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ನಿಜವಾಗಿ ಚಿಂತೆಯಾಗುವುದು ವಾಪಸ್ ಬರುವ ಹಣದ ಬಗ್ಗೆ ಅಲ್ಲ, ಮೊದಲೇ ಬರಬೇಕಾಗಿದ್ದ ಕೂಲಿಯ ಬಗ್ಗೆ. 2025ರ ಜುಲೈನಿಂದ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಕ್ಯಾಶುಯಲ್ ಆಗಿ ದುಡಿಯುವವರಿಗೆ ಅದರ ಮೇಲೆ ಇನ್ನೂ ಶೇ. 25. "ಕ್ಯಾಶ್ ಕೊಡ್ತೀನಿ, 17 ಡಾಲರ್" ಎಂದು ನಮ್ಮವರೇ ಒಬ್ಬರು ಹೇಳಿದರೆ, ಹೊಸದಾಗಿ ಬಂದ ಹುಡುಗಿ ಸಂಕೋಚದಿಂದ ಒಪ್ಪಿಬಿಡುತ್ತಾಳೆ. ಗಂಟೆಗೆ 14 ಡಾಲರಿನಷ್ಟು ಕಳೆದುಕೊಂಡರೆ ಎರಡು ವಾರದ ಪೂರ್ಣಾವಧಿ ಕೆಲಸದಲ್ಲೇ ಸಾವಿರ ದಾಟುತ್ತದೆ, ಅವಳ ವರ್ಷದ ಸೂಪರ್ ಅದರ ಮುಂದೆ ಏನೂ ಅಲ್ಲ. ಇನ್ನೊಂದು ಉಪಾಯ, "ಎಬಿಎನ್ ಮಾಡಿಸಿಕೊಂಡು ಬಾ" ಎನ್ನುವುದು. ಹಾಗೆ ಮಾಡಿದರೆ ಕಾಗದದ ಮೇಲೆ ಅವಳೇ ಒಂದು ಉದ್ಯಮ. ಸೂಪರ್ ಕಟ್ಟುವುದಿಲ್ಲ, ತೆರಿಗೆ ಹಿಡಿಯುವುದಿಲ್ಲ, ವರ್ಷದ ಕೊನೆಗೆ ತೆರಿಗೆಯನ್ನು ಅವಳೇ ಕಟ್ಟಬೇಕು. ಮಾಲೀಕರು ಹೇಳಿದ ಹೊತ್ತಿಗೆ ಬಂದು ಹೇಳಿದ ಕೆಲಸ ಮಾಡುವವಳು ಉದ್ಯಮಿಯಲ್ಲ, ನೌಕರಳು. ತೋಟಗಳಲ್ಲಿ ಬುಟ್ಟಿ ಲೆಕ್ಕದ ಕೂಲಿಗೂ 2022ರ ಏಪ್ರಿಲ್‌ನಿಂದ ಗಂಟೆಯ ಲೆಕ್ಕದಲ್ಲಿ ಕನಿಷ್ಠ ಮಟ್ಟವಿದೆ. ಕೂಲಿ ಕಡಿಮೆ ಕೊಟ್ಟರೆ ಫೇರ್ ವರ್ಕ್ ಆಂಬುಡ್ಸ್‌ಮನ್, ಸೂಪರ್ ಕಟ್ಟದಿದ್ದರೆ ಎಟಿಒ. ಎರಡೂ ಕಡೆ ದೂರು ಕೊಡಬಹುದು, ವೀಸಾ ಯಾವುದಾದರೂ ಸರಿ. ಪೇಸ್ಲಿಪ್‌ಗಳ ಫೋಟೊ ಇದ್ದರೆ ಮಾತು ನಿಲ್ಲುತ್ತದೆ.

ಹೊರಡುವ ವಾರದ ಗಡಿಬಿಡಿಯಲ್ಲಿ ಉಡುಗೊರೆ, ಲಗೇಜಿನ ತೂಕ ಎಲ್ಲ ನೆನಪಾಗುತ್ತದೆ, ಇವು ಆಗುವುದಿಲ್ಲ. ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಿಬಿಡುತ್ತಾರೆ, ತೆರಿಗೆಯ ಹಣ ಬರುವುದು ಅದೇ ಖಾತೆಗೆ. ಇಲ್ಲಿನ ಸಿಮ್ ಬಿಸಾಡುತ್ತಾರೆ, ಮೈಗವ್‌ನ ಕೋಡ್ ಬರುವುದು ಅದೇ ನಂಬರಿಗೆ. ಊರಿಂದಲೂ ಲಾಗಿನ್ ಆಗುವಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಲಿ. ತೆರಿಗೆ ವರ್ಷ ಜುಲೈ 1ರಿಂದ ಜೂನ್ 30, ಸ್ವಂತವಾಗಿ ರಿಟರ್ನ್ ಹಾಕಲು ಅಕ್ಟೋಬರ್ 31 ಕೊನೆ. ವರ್ಷದ ಮಧ್ಯೆ ಖಾಯಂ ಆಗಿ ಹೊರಟವರು ಜೂನ್‌ವರೆಗೆ ಕಾಯದೆ ಮುಂಚಿತವಾಗಿಯೂ ಹಾಕಬಹುದು.

ಊರು ಮುಟ್ಟಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಭಾರತದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಜನವರಿಯಲ್ಲಿ ಹೊರಟು ಬಂದ ಹುಡುಗ ಆ ವರ್ಷ 182 ದಿನಕ್ಕಿಂತ ಹೆಚ್ಚು ಭಾರತದಲ್ಲೇ ಇದ್ದಿರುತ್ತಾನೆ, ಹಾಗಾಗಿ ಅಲ್ಲಿನ ಲೆಕ್ಕದಲ್ಲಿ ನಿವಾಸಿ. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿ ದುಡಿದದ್ದನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಕೇಳಬಹುದು, ಆದರೆ ಕಟ್ಟಿದ್ದಕ್ಕೆ ಪುರಾವೆ ಬೇಕು. ಎಟಿಒ ಕಳಿಸುವ ಅಸೆಸ್‌ಮೆಂಟ್ ನೋಟಿಸನ್ನು ಡೌನ್‌ಲೋಡ್ ಮಾಡಿ ಊರಿನ ಆಡಿಟರ್‌ಗೆ ಕೊಡಲು ಹೇಳಿ.