ಕಾಡಿನೊಳಗಿನ ಮಣ್ಣಿನ ಕೋಟೆ: ಕೊಡಗಿನ ಕಡಂಗಗಳು

ಆಳವಾಗಿ ಅಗೆದ ಕಂದಕ, ಅಗೆದ ಮಣ್ಣನ್ನೇ ಪಕ್ಕಕ್ಕೆ ಪೇರಿಸಿ ಎತ್ತರಿಸಿದ ಏರಿ: ಇವೆರಡೂ ಸೇರಿದರೆ ಕಡಂಗ. ವಯನಾಡಿನ ಗಡಿಯೂರು ಬಾವಲಿಯಿಂದ ವಾಯುವ್ಯಕ್ಕೆ, ನಾಗರಹೊಳೆಯ ಕಾಡಿನಾಚೆ, ಕುಟ್ಟದಿಂದ ದಕ್ಷಿಣ ಕೊಡಗು ತೆರೆದುಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ, ಅದರಲ್ಲೂ ವಿರಾಜಪೇಟೆಯ ಸುತ್ತಮುತ್ತ, ಕಡಂಗಗಳು ಹೇರಳವಾಗಿವೆ. ಆ ಭಾಗದಲ್ಲಿ ಕಡಂಗ ಎಂಬ ಹೆಸರಿನ ಊರೇ ಇದೆ.

ಇವುಗಳ ಗಾತ್ರವನ್ನು ಬ್ರಿಟಿಷರ ಕಾಲದ ಬರಹಗಳು ಅಳೆದು ಹೇಳಿವೆ. ಏರಿಯ ಎತ್ತರ 15ರಿಂದ 25 ಅಡಿ, ಕಂದಕದ ಆಳ 10 ಅಡಿ, ಅಗಲ 8ರಿಂದ 10 ಅಡಿ. ಕಂದಕಕ್ಕೆ ಇಳಿದವನು ಏರಿಯ ನೆತ್ತಿ ಮುಟ್ಟಬೇಕಾದರೆ ಕನಿಷ್ಠ 25 ಅಡಿ ಜಾರುವ ಮಣ್ಣನ್ನು ಹತ್ತಬೇಕು, ಅದೂ ಮೇಲೆ ಬಿಲ್ಲು ಹಿಡಿದು ನಿಂತವರ ಕಣ್ಣೆದುರಿಗೆ. ಎಲ್ಲ ಕಡಂಗಗಳ ಒಟ್ಟು ಉದ್ದ 500ರಿಂದ 600 ಮೈಲಿ, ಅಂದರೆ 800 ಕಿಲೋಮೀಟರಿಗೂ ಹೆಚ್ಚು ಎಂದು ಆಗ ಅಂದಾಜು ಮಾಡಿದ್ದರು. ಪುಟ್ಟ ಕೊಡಗಿಗೆ ಇದು ಬೆರಗು ಹುಟ್ಟಿಸುವ ಲೆಕ್ಕ. 1870ರಲ್ಲಿ ಕೊಡಗಿನ ಕೈಪಿಡಿ ಪ್ರಕಟಿಸಿದ ಜಿ. ರಿಕ್ಟರ್, ಇವು ಗುಡ್ಡ, ಕಾಡು, ಬಯಲು ಎನ್ನದೆ ಮೈಲಿಗಟ್ಟಲೆ ಸಾಗುವುದನ್ನೂ ಅಲ್ಲಲ್ಲಿ ಕವಲೊಡೆಯುವುದನ್ನೂ ಕೆಲವೆಡೆ ಗುಡ್ಡದ ನೆತ್ತಿಯನ್ನೇ ಸುತ್ತುವರಿಯುವುದನ್ನೂ ವಿವರಿಸಿದ್ದಾರೆ.

ಇವನ್ನು ತೋಡಿಸಿದವರು ಯಾರು? ನಾಡಿನ ರಕ್ಷಣೆಗಾಗಿ ಹಿಂದಿನ ಅರಸರು ಮಾಡಿಸಿದರೆಂಬುದು ಹಳೆಯ ಮಾತು. ಕೊಡಗಿನ ಅರಸರೆಂದರೆ ಜನರಿಗೆ ಮೊದಲು ನೆನಪಾಗುವವರು 1834ರವರೆಗೆ ಆಳಿದ ಹಾಲೇರಿ ವಂಶದವರು. ಆದರೆ ಕಡಂಗಗಳು ಅವರಿಗಿಂತ ಬಹಳ ಹಿಂದಿನವು. ದಕ್ಷಿಣ ಕೊಡಗಿನ ಬಿಳಿಯೂರಿನಲ್ಲಿ ಕ್ರಿ.ಶ. 888ರ ಗಂಗರ ಶಾಸನವೊಂದಿದೆ. ಪೆನ್ನೆಗಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಸರ್ವನಂದಿದೇವನೆಂಬ ಜೈನ ಮುನಿಗೆ ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ಒಂಬತ್ತನೆಯ ಶತಮಾನದಲ್ಲೇ ಒಂದು ಸ್ಥಳವನ್ನು ಕಡಂಗದ ಹೆಸರಿನಿಂದ ಗುರುತಿಸುತ್ತಿದ್ದರು ಎಂದಮೇಲೆ, ಅಂಥ ಕಂದಕಗಳು ಆಗಲೇ ಜನರಿಗೆ ಚಿರಪರಿಚಿತವಾಗಿದ್ದವು ಎನ್ನಲು ಅಡ್ಡಿಯಿಲ್ಲ. ಹಾಗೆಂದು ಇಂದು ಕಾಣುವ ಪ್ರತಿಯೊಂದು ಕಡಂಗಕ್ಕೂ ಅಷ್ಟೇ ವಯಸ್ಸು ಎನ್ನುವಂತಿಲ್ಲ. ಹಳೆಯದನ್ನು ದುರಸ್ತಿ ಮಾಡಿ, ಮುಂದಕ್ಕೆ ಎಳೆದು, ಹೊಸದನ್ನು ಸೇರಿಸುತ್ತ ತಲೆಮಾರುಗಳು ದುಡಿದಿರಬೇಕು.

ಅಂಥ ದುಡಿಮೆಗೆ ಕಾರಣಗಳೂ ಇದ್ದವು. ಕೊಡಗು ಹಲವು ನಾಡುಗಳಾಗಿ ಹಂಚಿಹೋಗಿತ್ತು. ಸುತ್ತಲಿನ ರಾಜ್ಯಗಳಿಗೆ ಅದರ ಮೇಲೆ ಕಣ್ಣಿತ್ತು. ಬಯಲ್ನಾಡು ಎಂದು ಶಾಸನಗಳು ಕರೆಯುವ ವಯನಾಡಿನವರೆಗೂ ಹೊಯ್ಸಳರು ಹನ್ನೆರಡನೆಯ ಶತಮಾನದಲ್ಲಿ ಕೈಚಾಚಿದರು. 1174ರಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನ ದಂಡನಾಯಕ ಬೆಟ್ಟರಸ, ಚಂಗಾಳ್ವ ವಂಶದ ಅರಸ ಮಹಾದೇವನನ್ನು ದಕ್ಷಿಣ ಕೊಡಗಿನ ಪಾಲ್ಪಾರೆಯಲ್ಲಿ ಸೋಲಿಸಿ ಅಲ್ಲೇ ನೆಲೆಯೂರಿದ. ಪೆಮ್ಮವೀರಪ್ಪ ಎಂಬ ಚಂಗಾಳ್ವ ಎಲ್ಲ ನಾಡುಗಳ ಕೊಡಗರನ್ನು ಕೂಡಿಸಿಕೊಂಡು ಅವನ ಮೇಲೆ ಏರಿಹೋದ; ಬೆಟ್ಟರಸ ಗೆದ್ದರೂ ಆ ಗೆಲುವು ಸುಲಭದ್ದಾಗಿರಲಿಲ್ಲ. ಇಂಥ ಕಾಲದಲ್ಲಿ, ಕಲ್ಲಿನ ಕೋಟೆ ಕಟ್ಟಿಸುವ ದೊಡ್ಡ ಬೊಕ್ಕಸವಿಲ್ಲದ ನಾಡುಗಳಿಗೆ ಕಾಲಡಿಯ ಕೆಮ್ಮಣ್ಣು ಮತ್ತು ಊರವರ ತೋಳುಗಳೇ ಆಸರೆ.

ಎಲ್ಲವೂ ಯುದ್ಧಕ್ಕೇ ತೋಡಿದವಲ್ಲ. ದಕ್ಷಿಣ ಕೊಡಗಿನಲ್ಲಿ ನಾಡುನಾಡುಗಳ ನಡುವಿನ ಎಲ್ಲೆಯನ್ನೂ ಕಡಂಗಗಳು ಸೂಚಿಸುತ್ತಿದ್ದವು. ಇಂಗ್ಲೆಂಡಿನ ಹಳೆಯ ಕಾಡುಗಳ ಅಂಚಿನಲ್ಲಿಯೂ ಮಧ್ಯಯುಗದ ಏರಿ–ಕಂದಕಗಳಿವೆ. ದನಕರುಗಳು ಎಳೆ ಚಿಗುರು ಮೇಯದಂತೆ ತಡೆಯಲು ಮತ್ತು ಒಡೆತನದ ಗೆರೆ ಎಳೆಯಲು ಅವನ್ನು ಮಾಡಿದ್ದರು. ನೈಜೀರಿಯದ ಮಳೆಕಾಡಿನಲ್ಲಿರುವ ಸುಂಗ್ಬೊ ಎರೆಡೊ ಎಂಬ ಏರಿ–ಕಂದಕ ಸುಮಾರು 160 ಕಿಲೋಮೀಟರ್ ಉದ್ದಕ್ಕೆ ಒಂದು ಇಡೀ ರಾಜ್ಯವನ್ನು ಬಳಸುತ್ತದೆ. ಕೊಡಗಿನ ಕಡಂಗಗಳನ್ನು ಇವುಗಳ ಸಾಲಿನಲ್ಲಿಟ್ಟು ನೋಡುವುದು ನ್ಯಾಯ.

ಮಣ್ಣಿನ ಕೆಲಸವನ್ನು ಓದಲು ಪುರಾತತ್ತ್ವಜ್ಞರಿಗೆ ಕೆಲವು ದಾರಿಗಳಿವೆ. ಮೊದಲನೆಯದು ನಡೆದು ನೋಡುವುದು: ಸಾಮಾನ್ಯವಾಗಿ ಕಂದಕ ಹಗೆಯ ಕಡೆಗೂ ಏರಿ ಒಳಗಿನವರ ಕಡೆಗೂ ಇರುವುದರಿಂದ, ಯಾರು ಯಾರಿಂದ ಕಾಪಾಡಿಕೊಂಡರೆಂಬುದು ಊಹೆಗೆ ಸಿಗುತ್ತದೆ. ಏರಿಯನ್ನು ಅಡ್ಡಕ್ಕೆ ಸೀಳಿದರೆ ಅದರ ಬುಡದಲ್ಲಿ ಹೂತುಹೋದ ಹಳೆಯ ನೆಲ ಕಾಣುತ್ತದೆ. ಅಲ್ಲಿ ಸಿಕ್ಕ ಇದ್ದಿಲಿನ ಕಾಲವನ್ನು ರೇಡಿಯೊ ಕಾರ್ಬನ್ ವಿಧಾನ ತಿಳಿಸುತ್ತದೆ. ಮರಳ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಇನ್ನೊಂದು ವಿಧಾನ ಹೇಳುತ್ತದೆ. ಕಂದಕದ ತಳದ ಹೂಳು ಅದನ್ನು ಕೈಬಿಟ್ಟ ಮೇಲಿನ ಕಥೆಯನ್ನು ಉಳಿಸಿಕೊಂಡಿರುತ್ತದೆ. ದಟ್ಟ ಕಾಡಿನಲ್ಲಿ ಲೈಡಾರ್ ಬಲು ಉಪಯುಕ್ತ. ವಿಮಾನದಿಂದ ಬಿಟ್ಟ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಮರಳುತ್ತವೆ. ಗಣಕದಲ್ಲಿ ಮರಗಳನ್ನು ಕಳಚಿದರೆ ನೆಲದ ಬರಿಯ ಉಬ್ಬುತಗ್ಗು ಉಳಿಯುತ್ತದೆ.

ಇಷ್ಟು ಮಳೆ ಸುರಿಯುವ ಸೀಮೆಯಲ್ಲಿ ಮಣ್ಣಿನ ಏರಿಗಳು ಇಲ್ಲಿಯವರೆಗೆ ನಿಂತಿರುವುದಕ್ಕೆ ಮರಗಳ ಉಪಕಾರ ದೊಡ್ಡದು. ಬೇರುಗಳು ಮಣ್ಣನ್ನು ಬಿಗಿಹಿಡಿದವು, ತರಗೆಲೆ ಮಳೆಹನಿಯ ಹೊಡೆತವನ್ನು ತಾಳಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಫಿ ತೋಟಗಳು ಹರಡಿದಾಗಲೂ ನೆರಳಿನ ಮರಗಳು ಈ ಕೆಲಸವನ್ನು ಮುಂದುವರಿಸಿದವು. ಈಗಿನ ಅಪಾಯ ಬೇರೆ: ರಸ್ತೆಗೋ ಮನೆಗೋ ನೆಲ ಸಮ ಮಾಡುವ ಜೆಸಿಬಿಗೆ ಕಡಂಗ ಬರಿಯ ಮಣ್ಣುಗುಡ್ಡೆ. ಕಾಡಂಚಿನಲ್ಲಿ ಆನೆಗಳನ್ನು ತಡೆಯಲು ಇತ್ತೀಚೆಗೆ ತೋಡಿದ ಕಂದಕಗಳೊಂದಿಗೆ ಇವನ್ನು ಗೊಂದಲ ಮಾಡಿಕೊಳ್ಳುವುದೂ ಸುಲಭ. ಆನೆ ಕಂದಕ ಯಂತ್ರ ಕೊರೆದದ್ದು, ಅದರ ಬದಿಗಳು ಕಡಿದು. ಕಡಂಗದ ಬದಿಗಳು ಕಾಲಕ್ರಮದಲ್ಲಿ ಇಳಿಜಾರಾಗಿರುತ್ತವೆ, ಏರಿಯ ಮೇಲೆ ಹಳೆಯ ಮರಗಳು ಬೇರೂರಿರುತ್ತವೆ, ಮತ್ತು ಅದು ಇಂದಿನ ಕಾಡಂಚನ್ನು ಲೆಕ್ಕಿಸದೆ ತನ್ನ ಕಾಲದ ನಾಡಿನ ಎಲ್ಲೆಯನ್ನೇ ಹಿಡಿದು ಸಾಗುತ್ತದೆ.