ಕಬ್ಬಿನ ಇಂಧನ: ಬ್ರೆಜಿಲಿನ ಅನುಭವ

ಬ್ರೆಜಿಲ್ ಎಂದೊಡನೆ ಕಾಫಿ ಬೆಳೆಗಾರರಿಗೆ ನೆನಪಾಗುವುದು 1975ರ ಜುಲೈ ತಿಂಗಳ ಹಿಮ. ಪರಾನಾ ಪ್ರಾಂತದ ತೋಟಗಳು ಆಗ ಸುಟ್ಟುಹೋಗಿ, ಲೋಕದ ಪೇಟೆಯಲ್ಲೆಲ್ಲ ಕಾಫಿ ಧಾರಣೆ ಏರಿತು. ಅದೇ ವರ್ಷದ ನವೆಂಬರಿನಲ್ಲಿ ಆ ದೇಶದ ಸರ್ಕಾರ, ಕಬ್ಬಿನಿಂದ ಮದ್ಯಸಾರ, ಅಂದರೆ ಎಥೆನಾಲ್ ತೆಗೆದು ಮೋಟಾರು ಓಡಿಸುವ ಯೋಜನೆಗೆ ಕೈಹಾಕಿತು.

ಕಾರಣ ತೈಲದ ಪೆಟ್ಟು. 1973ರ ಅಕ್ಟೋಬರಿಗೆ ಮೊದಲು ಬ್ಯಾರಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಜನವರಿಯಲ್ಲಿ 11 ಡಾಲರ್ ದಾಟಿತು. ಬ್ರೆಜಿಲ್ ತನ್ನ ತೈಲದಲ್ಲಿ ಐದಕ್ಕೆ ನಾಲ್ಕು ಪಾಲನ್ನು ಹೊರಗಿನಿಂದ ತರಿಸುತ್ತಿತ್ತು. ಜೊತೆಗೆ 1975ರಲ್ಲಿ ಸಕ್ಕರೆಯ ಧಾರಣೆಯೂ ಕುಸಿಯಿತು. ಎರಡು ರೋಗಕ್ಕೂ ಒಂದೇ ಮದ್ದು ಸಿಕ್ಕಂತಾಯಿತು.

ಮೊದಲು ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವುದಷ್ಟೇ ನಡೆಯಿತು. 1979ರಲ್ಲಿ ಇರಾನಿನ ಕ್ರಾಂತಿಯಿಂದ ತೈಲ ಮತ್ತೆ ತುಟ್ಟಿಯಾದಾಗ, ಎಥೆನಾಲಿನಿಂದಲೇ ಓಡುವ ಕಾರುಗಳು ಬಂದವು. ಸರ್ಕಾರ ಕಾರ್ಖಾನೆಗಳಿಗೆ ಅಗ್ಗದ ಸಾಲ ಕೊಟ್ಟಿತು. ಬಂಕಿನಲ್ಲಿ ಎಥೆನಾಲಿನ ದರವನ್ನು ಪೆಟ್ರೋಲಿಗಿಂತ ಕೆಳಗೆ ಇರಿಸಿತು. 1980ರ ದಶಕದ ನಡುವೆ, ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂಥವೇ.

1986ರಲ್ಲಿ ತೈಲದ ಬೆಲೆ ದಿಢೀರನೆ ಬಿತ್ತು. ಎಥೆನಾಲಿನ ಸಹಾಯಧನ ಸರ್ಕಾರಕ್ಕೆ ಹೊರೆಯಾಯಿತು. ಅಷ್ಟರಲ್ಲಿ ಹೊರದೇಶದಲ್ಲಿ ಸಕ್ಕರೆಗೆ ಒಳ್ಳೆಯ ಬೆಲೆ ಬಂದು, ಕಾರ್ಖಾನೆಗಳು ಕಬ್ಬನ್ನು ಸಕ್ಕರೆಯ ಕಡೆಗೆ ತಿರುಗಿಸಿದವು. ನಾವಾದರೂ ಬೇರೆ ಮಾಡುತ್ತಿದ್ದೆವೇ? 1989-90ರಲ್ಲಿ ಬಂಕುಗಳು ಬರಿದಾದವು. ಎಥೆನಾಲ್ ಕಾರಿಗೆ ಪೆಟ್ರೋಲ್ ಆಗದು. ಸರ್ಕಾರದ ಮಾತು ನಂಬಿ ಕಾರು ಕೊಂಡವನು ಸಾಲಿನಲ್ಲಿ ನಿಂತ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಕಬ್ಬಿನದಲ್ಲ. ಬಳಕೆದಾರನಿಗೆ ಇನ್ನೊಂದು ದಾರಿ ಉಳಿಸದೇ ಹೋದದ್ದು. 2003ರಲ್ಲಿ ಎರಡೂ ಇಂಧನಕ್ಕೆ ಒಗ್ಗುವ ಕಾರು ಬಂದ ಮೇಲೆ ಅಲ್ಲಿ ಜನ ಬಂಕಿನ ಬೆಲೆ ನೋಡಿ ತುಂಬಿಸುತ್ತಾರೆ.

ಭಾರತದಲ್ಲಿ 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇಕಡ 5ರ ಗುರಿಯಿಂದ ಹೊರಟ ಎಥೆನಾಲ್ ಮಿಶ್ರಣ 2025ರಲ್ಲಿ ಶೇಕಡ 20 ಮುಟ್ಟಿತು. ಹೆಚ್ಚಿನ ಬಂಕುಗಳಲ್ಲಿ ಮಿಶ್ರಣ ಬೇಡವೆನ್ನುವ ಅವಕಾಶವಿಲ್ಲ. ತೋಟದವರಿಗೆ ಇದರ ಬಿಸಿ ತಟ್ಟುವುದು ಔಷಧಿ ಹೊಡೆಯುವ ಪೆಟ್ರೋಲ್ ಪಂಪು ಮತ್ತು ಕಳೆ ಹೊಡೆಯುವ ಮೆಷಿನ್ನಿನಲ್ಲಿ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ನಾವು ಬೆರೆಸಿದ ಆಯಿಲ್ ಆ ತಳದ ಪದರದಲ್ಲಿ ನಿಲ್ಲದ ಕಾರಣ ಎಂಜಿನ್ ಹಿಡಿದುಕೊಳ್ಳಬಹುದು. ಹಳೆಯ ರಬ್ಬರ್ ಕೊಳವೆಗಳೂ ಕೆಡುತ್ತವೆ. ಆದುದರಿಂದ ಬೋರ್ಡೋ ಹೊಡೆತ ಮುಗಿದೊಡನೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ ಎತ್ತಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಪೆಟ್ರೋಲನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಕೂಡಿಡಬಾರದು.